ಅಡಿಕೆ ತೋಟದ ಮೂರು ಅಂಕಣಗಳು: ಇಂಗ್ಲಿಷ್ ಪದ, ಸ್ಪ್ಯಾನಿಷ್ ಪದ ಮತ್ತು ಮಲೆನಾಡಿನ ಕನ್ನಡ

ದ್ವಿಭಾಷಾ ಪದಪಟ್ಟಿ ಎಂಬುದು ನೋಡಲು ಬಹಳ ಸರಳವಾದ ರಚನೆ. ಎಡಗಡೆಗೆ ಒಂದು ಭಾಷೆಯ ಪದ, ಬಲಗಡೆಗೆ ಇನ್ನೊಂದು ಭಾಷೆಯ ಸಮಾನಪದ. ಇಂಗ್ಲಿಷ್ ಪದಗಳಿಗೆ ಸ್ಪ್ಯಾನಿಷ್ ಅರ್ಥ ಕೊಡುವ ಪಟ್ಟಿಗಳು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಇಂತಹ ರಚನೆಗಳಲ್ಲಿ ಸೇರುತ್ತವೆ. ಈ ಪಟ್ಟಿಗೆ ಕನ್ನಡದ ಮೂರನೆಯ ಅಂಕಣವೊಂದನ್ನು ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಆರಿಸಿಕೊಂಡ ಕ್ಷೇತ್ರ ಚಿಕ್ಕದು: ಚಿಕ್ಕಮಗಳೂರು ಜಿಲ್ಲೆ ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ ಹಾಗೂ ಅದರ ನೆರೆಯ ಕೊಪ್ಪ, ಶೃಂಗೇರಿ ಸೀಮೆಯ ಅಡಿಕೆ ತೋಟ. ತೋಟವನ್ನೇ ಆರಿಸಲು ಕಾರಣವಿದೆ. ಅಮೆರಿಕ ಖಂಡದಿಂದ ಹೊರಟ ಗಿಡಬಳ್ಳಿಗಳು ಇಂಗ್ಲಿಷಿಗೆ ಹೆಚ್ಚಾಗಿ ಸ್ಪ್ಯಾನಿಷಿನ ಮೂಲಕ ಹೆಸರು ಕೊಟ್ಟವು. ಅವೇ ಗಿಡಬಳ್ಳಿಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಘಟ್ಟ ಹತ್ತಿ ಮಲೆನಾಡಿನ ಅಡಿಕೆ ಮರಗಳ ನೆರಳಿಗೆ ಬಂದವು. ಎಡ ಅಂಕಣದ ಇಂಗ್ಲಿಷನ್ನು ನಂಬಿ ಬಲ ಅಂಕಣಕ್ಕೆ ಹೋದವನು ಎಷ್ಟು ಕಡೆ ದಾರಿ ತಪ್ಪುತ್ತಾನೆ ಎಂಬುದು ಈ ತೋಟದಲ್ಲಿ ನಿಂತು ನೋಡಿದಾಗ ಸ್ಪಷ್ಟವಾಗುತ್ತದೆ.

ಮೊದಲಿಗೆ ನಿಘಂಟುಗಳ ಮಾತು. ಅಮೆರಿಕದ ಪದವೊಂದು ಸ್ಪ್ಯಾನಿಷ್ ನಿಘಂಟಿನೊಳಗೆ ಪ್ರವೇಶಿಸಿದ್ದು ಕೊಲಂಬಸನ ಮೊದಲ ಯಾನ ಮುಗಿದ ಕೆಲವೇ ವರ್ಷಗಳಲ್ಲಿ. 1495ರ ಸುಮಾರಿಗೆ ಪ್ರಕಟವಾದ ಆಂತೋನಿಯೊ ದೆ ನೆಬ್ರಿಹಾನ ಸ್ಪ್ಯಾನಿಷ್–ಲ್ಯಾಟಿನ್ ಪದಕೋಶದಲ್ಲಿ 'ಕನೋವಾ', ಎಂದರೆ ಒಂದೇ ಮರವನ್ನು ಕೊರೆದು ಮಾಡಿದ ದೋಣಿ, ದಾಖಲಾಗಿದೆ. ಅಲೋನ್ಸೊ ದೆ ಮೊಲಿನಾ ಎಂಬ ಪಾದ್ರಿ ಮೆಕ್ಸಿಕೋದಲ್ಲಿ 1555ರಲ್ಲಿ ಸ್ಪ್ಯಾನಿಷ್‌ನಿಂದ ನಹುವಾತ್ಲ್ ಭಾಷೆಗೆ ಪದಕೋಶವನ್ನು ಅಚ್ಚು ಹಾಕಿಸಿದನು; 1571ರಲ್ಲಿ ಅದನ್ನು ಹಿಗ್ಗಿಸಿ ಎರಡೂ ದಿಕ್ಕಿಗೆ ವಿಸ್ತರಿಸಿದನು. ಇಂಗ್ಲೆಂಡಿನಲ್ಲಿ ರಿಚರ್ಡ್ ಪರ್ಸಿವಲ್ 1591ರಲ್ಲಿ ಸ್ಪ್ಯಾನಿಷ್ ನಿಘಂಟನ್ನು ಹೊರತಂದ. ಜಾನ್ ಮಿನ್ಶ್ಯೂ 1599ರಲ್ಲಿ ಅದನ್ನು ಬೆಳೆಸಿದ. ಕನ್ನಡದಲ್ಲಿ ವಿಲಿಯಂ ರೀವ್ ಮಾಡಿದ ಕೆಲಸದ ಕ್ರಮ ಮೊಲಿನಾನ ಕ್ರಮವನ್ನೇ ನೆನಪಿಸುತ್ತದೆ. ಅವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಬಂದವು. ಹೊರಗಿನಿಂದ ಬಂದವನು ತಾನು ಹೇಳಬೇಕಾದುದಕ್ಕೆ ಮೊದಲು ಪದ ಹುಡುಕುತ್ತಾನೆ, ಅನಂತರ ಊರವರು ಹೇಳುವುದಕ್ಕೆ ಅರ್ಥ ಹುಡುಕುತ್ತಾನೆ; ಎರಡು ಖಂಡಗಳಲ್ಲಿಯೂ ಇದೇ ನಡೆದಿದೆ. 1894ರ ಕಿಟೆಲ್ ನಿಘಂಟು ಊರವರ ಮಾತಿನಿಂದಲೇ ಹೊರಟಿತು ಎಂಬುದೇ ಅದರ ದೊಡ್ಡತನ. ಆದರೆ ಈ ಯಾವ ನಿಘಂಟೂ ಇಂಗ್ಲಿಷಿನ ಎಡ ಅಂಕಣದಲ್ಲಿ ಕುಳಿತ ಪದವು ಸ್ವತಃ ಸ್ಪ್ಯಾನಿಷಿನಿಂದ ಎರವಲು ಬಂದದ್ದು ಎಂಬುದನ್ನು ಗಣಿಸಬೇಕಾದ ಅಗತ್ಯವಿರಲಿಲ್ಲ. ಮೂರನೆಯ ಅಂಕಣ ಹಾಕುವವನಿಗೆ ಆ ಅಗತ್ಯವಿದೆ.

ಇನ್ನೊಂದು ಸಂಗತಿಯನ್ನು ಆರಂಭದಲ್ಲಿಯೇ ಹೇಳಬೇಕು. ಸ್ಪ್ಯಾನಿಷರು ನಮ್ಮ ಕರಾವಳಿಗೆ ಒಡೆಯರಾಗಿ ಬರಲಿಲ್ಲ, ಬಂದವರು ಪೋರ್ಚುಗೀಸರು. ಗೋವೆ 1510ರಲ್ಲಿ ಅವರ ವಶವಾಯಿತು. ಮುಂದೆ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಅವರ ಕೋಟೆಗಳಾದವು. ಮಲೆನಾಡಿನ ಮೆಣಸು ಘಟ್ಟ ಇಳಿದು ಈ ಬಂದರುಗಳಿಗೆ ಹೋಗುತ್ತಿತ್ತು. ಮೆಣಸಿನ ವ್ಯವಹಾರಕ್ಕಾಗಿಯೇ ಪೋರ್ಚುಗೀಸ್ ದೂತನೊಬ್ಬ 1623ರಲ್ಲಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಅವನ ಜೊತೆಗಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ಬರಹದಿಂದ ನಮಗೆ ಆ ಪ್ರಯಾಣದ ವಿವರ ದೊರೆಯುತ್ತದೆ. ಶಿವಪ್ಪನಾಯಕನು 1650ರ ದಶಕದಲ್ಲಿ ಆ ಕೋಟೆಗಳನ್ನು ಕಿತ್ತುಕೊಂಡನಾದರೂ ಪದಗಳು ಕೋಟೆಯೊಡನೆ ಬಿಟ್ಟುಹೋಗುವಂಥವಲ್ಲ. ಹೀಗಾಗಿ ಹಳೆಯ ಎರವಲುಗಳು ಕನ್ನಡದಲ್ಲಿ ಪೋರ್ಚುಗೀಸ್ ರೂಪದಲ್ಲಿವೆ, ಹೊಸವು ಇಂಗ್ಲಿಷ್ ರೂಪದಲ್ಲಿವೆ. ಎರಡರ ಹಿಂದೆಯೂ ಅನೇಕ ವೇಳೆ ಸ್ಪ್ಯಾನಿಷರು ಕೆರೀಬಿಯನ್ ದ್ವೀಪಗಳಲ್ಲಿ ಮತ್ತು ಮೆಕ್ಸಿಕೋದಲ್ಲಿ ಕೇಳಿಸಿಕೊಂಡ ಒಂದು ಸ್ಥಳೀಯ ಪದವಿದೆ. ಪೋರ್ಚುಗೀಸಿನಿಂದ ಏಷ್ಯಾದ ಭಾಷೆಗಳಿಗೆ ಬಂದ ಪದಗಳನ್ನು ಗೋವೆಯ ಸೆಬಾಸ್ತಿಯಾವ್ ರೊದೊಲ್ಫೊ ದಾಲ್ಗಾದೊ 1913ರಲ್ಲಿಯೇ ಸಂಗ್ರಹಿಸಿದ್ದಾರೆ. ಸ್ಪ್ಯಾನಿಷ್ ಕಡೆಯಿಂದ ಅಂತಹ ಸಂಗ್ರಹವನ್ನು ಮಾಡುವ ಪ್ರಶ್ನೆ ಬರಲಿಲ್ಲ, ಏಕೆಂದರೆ ಸಂಬಂಧ ನೇರವಾದುದಲ್ಲ.

ಪಟ್ಟಿಯ ಮೊದಲ ಪದ ಮೆಣಸೇ ಆಗಬೇಕು. ಇಂಗ್ಲಿಷಿನಲ್ಲಿ 'ಪೆಪ್ಪರ್'. ಸ್ಪ್ಯಾನಿಷಿನಲ್ಲಿ ಇದಕ್ಕೆ ಒಂದು ಪದವಿಲ್ಲ, ಎರಡಿವೆ: 'ಪಿಮಿಯೆಂತಾ' ಮತ್ತು 'ಪಿಮಿಯೆಂತೊ'. ಸ್ತ್ರೀಲಿಂಗದ 'ಪಿಮಿಯೆಂತಾ' ಎಂದರೆ ಬಳ್ಳಿಯ ಮೇಲಿನ ಕಾಳುಮೆಣಸು; ಪುಲ್ಲಿಂಗದ 'ಪಿಮಿಯೆಂತೊ' ಎಂದರೆ ದೊಣ್ಣೆಮೆಣಸಿನಕಾಯಿಯ ಜಾತಿ. ಲಿಂಗಭೇದದ ಹಿಂದೆ ಒಂದು ನಿರಾಶೆಯ ಕಥೆ ಇದೆ. ಕೊಲಂಬಸ್ ಹೊರಟದ್ದು ನಮ್ಮ ಪಶ್ಚಿಮ ಘಟ್ಟದ ಮೆಣಸಿನಂತಹ ಸಂಬಾರ ಪದಾರ್ಥಗಳಿಗಾಗಿ. ಸಿಕ್ಕಿದ್ದು ಬೇರೆಯೇ ಗಿಡದ ಖಾರದ ಕಾಯಿ. 1493ರ ಜನವರಿಯ ದಿನಚರಿಯಲ್ಲಿ ಅವನು ಅದರ ಸ್ಥಳೀಯ ಹೆಸರು 'ಅಹೀ' ಎಂದೂ ಅದು ಆ ಜನರ ಮೆಣಸು ಎಂದೂ ಬರೆದುಕೊಂಡ. ಹುಡುಕಿದ್ದು ಸಿಗದಿದ್ದಾಗ ಸಿಕ್ಕಿದ್ದಕ್ಕೆ ಅದೇ ಹೆಸರಿಟ್ಟಂತಾಯಿತು. ಇಂಗ್ಲಿಷು ಲಿಂಗಭೇದವಿಲ್ಲದ ಭಾಷೆಯಾದ್ದರಿಂದ ಎರಡನ್ನೂ 'ಪೆಪ್ಪರ್' ಎಂದೇ ಕರೆದು ಸುಮ್ಮನಾಯಿತು.

ವಿಶೇಷವೆಂದರೆ, ಮೆಣಸಿನ ತವರೂ ಇದೇ ಕೆಲಸವನ್ನು ಮಾಡಿತು. ಹೊಸ ಕಾಯಿ ಬಂದಾಗ ಕನ್ನಡಿಗರು ಅದನ್ನು 'ಮೆಣಸಿನಕಾಯಿ' ಎಂದರು, ಎಂದರೆ ಮೆಣಸಿನ ಗುಣವುಳ್ಳ ಕಾಯಿ. ತಮಿಳಿನಲ್ಲಿ 'ಮಿಳಗು', 'ಮಿಳಗಾಯ್' ಎಂಬ ಜೋಡಿಯೂ ಹೀಗೆಯೇ ಹುಟ್ಟಿದೆ. ಇಲ್ಲಿಯವರೆಗೆ ವ್ಯವಸ್ಥೆ ಸರಿಯಾಗಿಯೇ ಇತ್ತು. ಆದರೆ ಬಂದ ಅತಿಥಿ ದಿನದಿನದ ಅಡುಗೆಯನ್ನು ಆಕ್ರಮಿಸಿದಂತೆ ಬರಿಯ 'ಮೆಣಸು' ಎಂಬ ಪದವೂ ಅನೇಕ ಮನೆಗಳಲ್ಲಿ ಅದಕ್ಕೇ ಸಲ್ಲತೊಡಗಿತು. ಸೂಜಿಮೆಣಸು, ಗಾಂಧಾರಿಮೆಣಸು ಎನ್ನುವಾಗ ನಾವು ಹೇಳುತ್ತಿರುವುದು ಅಮೆರಿಕದ ಗಿಡದ ಕಾಯಿಯನ್ನು. ಆಗ ಹಳೆಯ ಮೆಣಸಿಗೆ ವಿಶೇಷಣ ಬೇಕಾಯಿತು. ಮಲೆನಾಡಿನಲ್ಲಿ ಅದು 'ಕಾಳುಮೆಣಸು', 'ಒಳ್ಳೆಮೆಣಸು'. ತುಳುವಿನಲ್ಲಿ 'ಎಡ್ಡೆ ಮುಣ್ಚಿ', ಮಲಯಾಳಂನಲ್ಲಿ 'ನಲ್ಲಮುಳಕ್'. ಮೂರು ಭಾಷೆಗಳಲ್ಲಿಯೂ ಅರ್ಥ ಒಂದೇ: ಒಳ್ಳೆಯ ಮೆಣಸು. ತನ್ನ ಹೆಸರನ್ನು ಪರದೇಶಿಗೆ ಬಿಟ್ಟುಕೊಟ್ಟ ಬಳ್ಳಿ 'ಒಳ್ಳೆಯದು' ಎಂಬ ಬಿರುದನ್ನು ಮಾತ್ರ ಉಳಿಸಿಕೊಂಡಿತು. ಇಂಗ್ಲಿಷಿನ 'ಪೆಪ್ಪರ್' ಎಂಬ ಒಂದು ಪದದ ಮೂಲಕ ಹೋದರೆ ಸ್ಪ್ಯಾನಿಷಿನ ಎರಡು ಪದಗಳ ಭೇದವೂ ಕಾಣುವುದಿಲ್ಲ, ಕನ್ನಡದ ಮೆಣಸು–ಮೆಣಸಿನಕಾಯಿಗಳ ಭೇದವೂ ಕಾಣುವುದಿಲ್ಲ. ಅಕ್ಕಪಕ್ಕದಲ್ಲಿ ನೇರವಾಗಿ ಇಟ್ಟರೆ ಅವೆರಡೂ ಒಂದಕ್ಕೊಂದು ಹೊಂದುತ್ತವೆ.

ಇಷ್ಟೇ ಕುತೂಹಲಕರವಾದುದು ಗೇರು. ಇಂಗ್ಲಿಷಿನ 'ಕ್ಯಾಶ್ಯೂ' ಬಂದದ್ದು ಬ್ರೆಜಿಲಿನ ತುಪಿ ಭಾಷೆಯಿಂದ, ಪೋರ್ಚುಗೀಸಿನ 'ಕಾಜು' ಮೂಲಕ. ಸ್ಪ್ಯಾನಿಷ್ ಅಂಕಣದಲ್ಲಿ ನಮಗೆ ಸಿಗುವುದು 'ಅನಕಾರ್ದೊ'. ಈ ಹೆಸರು ಗೋಡಂಬಿಗೆ ಮೂಲತಃ ಸೇರಿದ್ದಲ್ಲ. ಐರೋಪ್ಯ ವೈದ್ಯರ ಹಳೆಯ ಗ್ರಂಥಗಳಲ್ಲಿ 'ಅನಕಾರ್ದೊ' ಎಂದರೆ ಭಾರತದಿಂದ ಔಷಧಿಗಾಗಿ ಹೋಗುತ್ತಿದ್ದ ಭಲ್ಲಾತಕ, ನಮ್ಮ ಕರಿಗೇರು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಒರ್ತಾನ ಸಂವಾದಗ್ರಂಥದಲ್ಲಿ 'ಅನಕಾರ್ದೊ' ಎಂಬ ಅಧ್ಯಾಯ ಅದನ್ನೇ ಕುರಿತದ್ದು. ಕೊನೆಗೆ ಲಿನೇಯಸ್ ಆ ಹೆಸರನ್ನು ಬ್ರೆಜಿಲಿನ ಮರದ ಕುಲನಾಮವಾಗಿ ಇಟ್ಟ. ಇತ್ತ ಕನ್ನಡದಲ್ಲಿ ಆದದ್ದೇನು? 'ಗೇರು' ಎಂಬುದು ಕಾಡಿನ ಆ ಹಳೆಯ ಮರದ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿಯ ಹೆಸರು. ಹೊಸ ಮರ ಬಂದಾಗ, ಅದರ ಸಿಪ್ಪೆಯ ಸುಡುವ ಎಣ್ಣೆಯನ್ನೂ ಹಣ್ಣಿನ ತುದಿಗೆ ಅಂಟಿಕೊಂಡ ಬೀಜವನ್ನೂ ಕಂಡು ನಮ್ಮವರು ಅದಕ್ಕೆ ಗೇರು ಎಂದೇ ಹೆಸರಿಟ್ಟರು. ಹಳೆಯದು ಕರಿಗೇರು, ಗುಡ್ಡೆಗೇರು ಎಂದಾಯಿತು. ಲ್ಯಾಟಿನ್ ಬಲ್ಲ ಪಂಡಿತನೂ ಘಟ್ಟದ ರೈತನೂ ಪರಸ್ಪರ ಅರಿಯದೆ ಒಂದೇ ಹೋಲಿಕೆಯನ್ನು ಕಂಡರು. ಇದನ್ನು ಸಸ್ಯಶಾಸ್ತ್ರೀಯ ಜಾಣ್ಮೆ ಎನ್ನಲು ಅಡ್ಡಿಯಿಲ್ಲ: ಎರಡೂ ಮರಗಳು ಒಂದೇ ಕುಟುಂಬಕ್ಕೆ ಸೇರಿದವು. ಇಂಗ್ಲಿಷಿನ 'ಕ್ಯಾಶ್ಯೂ' ಈ ನಂಟನ್ನು ಹೇಳುವುದೇ ಇಲ್ಲ. (ಸ್ಪ್ಯಾನಿಷ್ ಅಮೆರಿಕದ ಕೆಲವೆಡೆ 'ಮರಾನ್ಯೋನ್' ಎಂಬ ಬೇರೆ ಪದವಿದೆ, ಅದು ಪ್ರಸ್ತುತ ಚರ್ಚೆಗೆ ಸಂಬಂಧಿಸಿದ್ದಲ್ಲ.)

ಎಲ್ಲ ಹೋಲಿಕೆಗಳೂ ಇಷ್ಟು ಸರಿಯಾದವಲ್ಲ. ಸೀಬೆಹಣ್ಣನ್ನು ಸ್ಪ್ಯಾನಿಷರು ಕೆರೀಬಿಯನ್ ಮೂಲದ 'ಗುವಾಯಾಬಾ' ಎಂಬ ಹೆಸರಿನಿಂದ ಕರೆದರು. ಇಂಗ್ಲಿಷಿನ 'ಗ್ವಾವಾ' ಅದರ ಸವೆದ ರೂಪ. ಆದರೆ ಕನ್ನಡದ 'ಪೇರಲೆ', ಕೊಂಕಣಿ ಮತ್ತು ಮರಾಠಿಗಳ 'ಪೇರ್', 'ಪೇರು', ಮಲಯಾಳಂನ 'ಪೇರಕ್ಕ' ಇವೆಲ್ಲ ಪೋರ್ಚುಗೀಸಿನ 'ಪೇರಾ' ಎಂಬ ಪದದ ಸಂತಾನವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆ ಪದದ ಅರ್ಥ ಪೋರ್ಚುಗೀಸಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ 'ಪೇರ್' ಎಂಬ ಬೇರೆ ಹಣ್ಣು. ಪೆರು ದೇಶದ ಹೆಸರಿನಿಂದ ಬಂತೆಂಬ ಜನಪ್ರಿಯ ಊಹೆಗೆ ಆಧಾರ ಸಾಲದು. ಅನಾನಸಿನಲ್ಲಿ ದಾರಿಗಳು ಇನ್ನೂ ಸ್ಪಷ್ಟವಾಗಿ ಕವಲೊಡೆಯುತ್ತವೆ. ಸ್ಪ್ಯಾನಿಷರು ಅದರ ಆಕಾರ ನೋಡಿ 'ಪಿನ್ಯಾ', ಪೈನ್ ಮರದ ಕಾಯಿ, ಎಂದರು. ಇಂಗ್ಲಿಷಿನ 'ಪೈನಾಪಲ್' ಎಂಬುದೂ ಮೊದಲು ಪೈನ್ ಮರದ ಕಾಯಿಯ ಹೆಸರೇ. ಪೋರ್ಚುಗೀಸರು ಮಾತ್ರ ತುಪಿ ಮೂಲದ 'ಅನನಾಸ್' ಹಿಡಿದುಕೊಂಡರು, ಕನ್ನಡಕ್ಕೆ ಬಂದದ್ದು ಅದು. ಪೈನ್ ಮರವನ್ನೇ ಕಾಣದ ನಾಡಿನಲ್ಲಿ 'ಪಿನ್ಯಾ' ಬೇರೂರುವುದು ಕಷ್ಟವಿತ್ತು. ನರಸಿಂಹರಾಜಪುರ ಸೀಮೆಗೆ ಬಂದು ನೆಲೆಸಿದ ಮಲಯಾಳಿ ಬೇಸಾಯಗಾರರ ಭಾಷೆಯಲ್ಲಿ ಇದೇ ಹಣ್ಣು 'ಕೈತಚ್ಚಕ್ಕ', ಎಂದರೆ ಕೇದಗೆಯ ಎಲೆಯುಳ್ಳ ಹಲಸು. ತಾನು ಬಲ್ಲ ಗಿಡದ ಹೋಲಿಕೆಯಿಂದ ಹೊಸತನ್ನು ಹೆಸರಿಸುವ ಸ್ಪ್ಯಾನಿಷ್ ಕ್ರಮಕ್ಕೆ ಇದು ಅತಿ ಸಮೀಪವಾದದ್ದು.

ಪರಂಗಿಹಣ್ಣಿನಲ್ಲಿ ಹೆಸರಾದದ್ದು ತಂದವನ ಗುರುತು. ಇಂಗ್ಲಿಷ್, ಸ್ಪ್ಯಾನಿಷ್ ಎರಡೂ 'ಪಪಾಯ' ಎಂದರೆ ಹಳೆಯ ಕನ್ನಡ ಬಳಕೆ 'ಪರಂಗಿ' ಎಂದು ಐರೋಪ್ಯನನ್ನೇ ಹಣ್ಣಿಗೆ ಅಂಟಿಸಿತು. ತಂಬಾಕು ಸ್ಪ್ಯಾನಿಷಿನ 'ತಬಾಕೊ'ಗೆ ಹತ್ತಿರವಿದ್ದರೂ ಕನ್ನಡವು 'ಹೊಗೆಸೊಪ್ಪು' ಎಂಬ ಸ್ವತಂತ್ರ ಪದವನ್ನೂ ಕಟ್ಟಿಕೊಂಡಿತು; ಅಡಿಕೆ ಸೀಮೆಯಲ್ಲಿ ಅದನ್ನು ಹೊಗೆಯಿಲ್ಲದೆ ಎಲೆಯೊಡನೆ ಜಗಿಯುವುದೇ ಹೆಚ್ಚೆಂಬುದು ಬೇರೆ ಮಾತು.

ಬಟಾಟೆಯ ಬಗ್ಗೆ ಸ್ವಲ್ಪ ಎಚ್ಚರಿಕೆ ಅಗತ್ಯ. ಕರಾವಳಿಯಲ್ಲಿ ಮತ್ತು ಘಟ್ಟದಂಚಿನಲ್ಲಿ ಕೇಳುವ 'ಬಟಾಟೆ' ಪೋರ್ಚುಗೀಸ್ ಪದ, ಬಯಲುಸೀಮೆಯ 'ಆಲೂಗಡ್ಡೆ' ಉತ್ತರದಿಂದ ಬಂದದ್ದು. ಪದ ಹಳೆಯದಾದ ಮಾತ್ರಕ್ಕೆ ಬೆಳೆಯೂ ಅಷ್ಟೇ ಹಳೆಯದೆಂದು ಹೇಳಲಾಗದು. ಕೆರೀಬಿಯನ್ ದ್ವೀಪಗಳಲ್ಲಿ 'ಬತಾತಾ' ಎಂದರೆ ಸಿಹಿಗೆಣಸು. ಸ್ಪ್ಯಾನಿಷಿನಲ್ಲಿ ಇಂದಿಗೂ ಅದೇ ಅರ್ಥ. ಆಂಡೀಸ್ ಪರ್ವತದ ಕೆಚುವಾ ಭಾಷೆಯ 'ಪಾಪಾ' ಎಂಬುದು ಆಲೂಗಡ್ಡೆ. ಎರಡೂ ಬೆರೆತು ಸ್ಪೇನಿನಲ್ಲಿ 'ಪತಾತಾ' ಆಯಿತು, ಅಮೆರಿಕದ ಸ್ಪ್ಯಾನಿಷಿನಲ್ಲಿ 'ಪಾಪಾ' ಹಾಗೆಯೇ ಉಳಿಯಿತು. ಇಂಗ್ಲಿಷಿನ 'ಪೊಟೇಟೊ' ಕೂಡ ಮೊದಲು ಸಿಹಿಗೆಣಸನ್ನೇ ಸೂಚಿಸುತ್ತಿತ್ತು. ಭಾರತದಲ್ಲಿ ಆಲೂಗಡ್ಡೆಯ ಬೇಸಾಯ ವ್ಯಾಪಕವಾದದ್ದು ಬ್ರಿಟಿಷರ ಕಾಲದಲ್ಲಿ. ಆದ್ದರಿಂದ ಹದಿನಾರನೆಯ ಶತಮಾನದ ದಾಖಲೆಯೊಂದರಲ್ಲಿ 'ಬಟಾಟ' ಕಂಡರೆ ಸಂಶೋಧಕರು ಆಲೂಗಡ್ಡೆ ಎಂದು ತಕ್ಷಣ ಓದಿಬಿಡಬಾರದು.

ಇದಕ್ಕಿಂತ ಹೆಚ್ಚಿನ ಅಪಾಯ ಧ್ವನಿಸಾಮ್ಯದಲ್ಲಿದೆ. ಸಪೋಟ ಹಣ್ಣಿಗೆ ನಮ್ಮಲ್ಲಿ 'ಚಿಕ್ಕು' ಎಂಬ ಹೆಸರೂ ಇದೆ. ಸ್ಪ್ಯಾನಿಷಿನಲ್ಲಿ 'ಚೀಕೊ' ಎಂದರೆ ಚಿಕ್ಕದು. ಆ ಹಣ್ಣು ಅಲ್ಲಿ 'ಚೀಕೊಸಪೋತೆ'. ಕನ್ನಡದ 'ಚಿಕ್ಕ'ವೂ ಸ್ಪ್ಯಾನಿಷಿನ 'ಚೀಕೊ'ವೂ ಒಂದೇ ಮೂಲದವೆಂದು ಸಾಧಿಸಲು ಉತ್ಸಾಹಿಗಳಿಗೆ ಇಷ್ಟು ಸಾಕು. ವಾಸ್ತವದಲ್ಲಿ ಈ ಹಣ್ಣಿನ ಹೆಸರು ನಹುವಾತ್ಲ್ ಭಾಷೆಯ 'ತ್ಸಿಕೊತ್ಸಪೊತ್ಲ್'ನಿಂದ ಬಂದದ್ದು. ಅದರ ಮೊದಲ ಭಾಗವನ್ನು ಸ್ಪ್ಯಾನಿಷರೇ ತಮ್ಮ 'ಚೀಕೊ' ಎಂದು ತಪ್ಪಾಗಿ ಕೇಳಿಸಿಕೊಂಡರು. ಕನ್ನಡದ ಕಿವಿಯಲ್ಲಿ ಅದು ಎರಡನೆಯ ಬಾರಿ 'ಚಿಕ್ಕದು' ಆಯಿತು. ಆಕಸ್ಮಿಕಗಳಿಗೆ ವಂಶವೃಕ್ಷ ಬರೆಯುವ ಚಪಲ ನಮ್ಮ ಪದಚರಿತ್ರೆಯ ಬರಹಗಳಲ್ಲಿ ಇನ್ನೂ ಹೋಗಿಲ್ಲ.

ಇಂಗ್ಲಿಷ್ ಆಡಳಿತದ ಹಾಗೂ ಅನಂತರದ ಕಾಲದಲ್ಲಿ ಬಂದ ಪದಗಳ ಸ್ವಭಾವ ಬೇರೆ. ಟೊಮೆಟೊವಿಗೆ ಕನ್ನಡ 'ಚಪ್ಪರಬದನೆ' ಎಂಬ ಹೆಸರನ್ನು ಕೊಟ್ಟಿತ್ತು. ಸ್ಪ್ಯಾನಿಷಿನ 'ತೊಮಾತೆ' ಇಂಗ್ಲಿಷಿನ ಮೂಲಕ ಬಂದು ಅದನ್ನು ಬಹುಪಾಲು ಹೊರಗೆ ಹಾಕಿತು. ಮೆಕ್ಸಿಕೋದ 'ಚಯೋತೆ' ಮಾತ್ರ 'ಸೀಮೆಬದನೆ'ಯಾಗಿ ಉಳಿದಿದೆ, 'ಸೀಮೆ' ಎಂಬುದು ಇಲ್ಲಿ ಹೊರದೇಶ. ಕಾಫಿ ತೋಟಗಳ ಬೆಣ್ಣೆಹಣ್ಣು ಸ್ಪ್ಯಾನಿಷಿನಲ್ಲಿ 'ಅಗುವಾಕಾತೆ'. ಅದನ್ನು ಉಚ್ಚರಿಸುವಾಗ ವಕೀಲ ಎಂಬರ್ಥದ ಪದದ ಪ್ರಭಾವ ಬಿದ್ದು ಇಂಗ್ಲಿಷಿನಲ್ಲಿ 'ಅವಕಾಡೊ' ಆಯಿತು. ಕನ್ನಡಿಗರು ವಕೀಲನನ್ನು ಬಿಟ್ಟು ಬೆಣ್ಣೆಯನ್ನು ಹಿಡಿದದ್ದು ಒಳ್ಳೆಯದೇ ಆಯಿತು.

ಅಡಿಕೆಯ ನಡುವೆ ಮಿಶ್ರಬೆಳೆಯಾಗಿ ಕೋಕೋ ಹರಡಿದ್ದು 1970ರ ದಶಕದಿಂದೀಚೆಗೆ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಸ್ಪ್ಯಾನಿಷಿನ 'ಕಕಾವೊ' ಇಂಗ್ಲಿಷಿನಲ್ಲಿ 'ಕೋಕೋ' ಆಗಿ ತೆಂಗಿನ 'ಕೋಕೊ'ದೊಡನೆ ಕಲಸಿಹೋಯಿತು. 1755ರ ಜಾನ್ಸನ್ ನಿಘಂಟಿನಲ್ಲಿ ಎರಡರ ವಿವರಗಳೂ ಒಂದೇ ನಮೂದಿನಲ್ಲಿ ಸೇರಿಬಿಟ್ಟಿವೆ. ಸ್ಪ್ಯಾನಿಷಿನಲ್ಲಿ 'ಕೋಕೊ' ಎಂದರೆ ಮಕ್ಕಳನ್ನು ಹೆದರಿಸುವ ಗುಮ್ಮ. ತೆಂಗಿನಕಾಯಿಯ ಮೂರು ಕಣ್ಣುಗಳಲ್ಲಿ ನಾವಿಕರು ಆ ಮುಖವನ್ನು ಕಂಡರೆಂದು ಹೇಳುತ್ತಾರೆ. ಬೇಲಿಗೂ ಗೊಬ್ಬರಕ್ಕೂ ಬೆಳೆಸುವ ಗ್ಲಿರಿಸಿಡಿಯಾ ಮರವೂ ಮಧ್ಯ ಅಮೆರಿಕದಿಂದಲೇ ಬಂದದ್ದು. ಅದಕ್ಕೆ ಸ್ಪ್ಯಾನಿಷಿನಲ್ಲಿ 'ಮಾದ್ರೆ ದೆ ಕಕಾವೊ', ಕೋಕೋವಿನ ತಾಯಿ, ಎಂಬ ಹೆಸರೂ 'ಮಾತಾರಾತೋನ್', ಇಲಿಮಾರಿ, ಎಂಬ ಹೆಸರೂ ಇವೆ. ನಮ್ಮವರಿಗೆ ಅದು ಗೊಬ್ಬರದ ಗಿಡ. ನೆರಳಿಗೆ, ವಿಷಕ್ಕೆ, ಸೊಪ್ಪಿಗೆ ಎಂದು ಯಾರಿಗೆ ಯಾವುದು ಬೇಕಾಗಿತ್ತೋ ಅದನ್ನು ಅವರು ಕರೆದರು.

ಈ ಗ್ಲಿರಿಸಿಡಿಯಾದ ಮೇಲೆಯೇ ಹಬ್ಬಿಸಿದ ಬಳ್ಳಿ ವೆನಿಲ್ಲಾ. ಮೆಕ್ಸಿಕೋದ ನಹುವಾತ್ಲ್ ಜನ ಅದನ್ನು 'ತ್ಲಿಲ್‌ಶೋಚಿತ್ಲ್', ಕಪ್ಪುಹೂವು, ಎಂದರು. ಸ್ಪ್ಯಾನಿಷರು 'ವೈನಾ', ಎಂದರೆ ಒರೆ ಅಥವಾ ಸಿಪ್ಪೆಕೋಶ, ಎಂಬ ತಮ್ಮ ಪದಕ್ಕೆ ಅಲ್ಪತ್ವಸೂಚಕ ಪ್ರತ್ಯಯ ಹಚ್ಚಿ 'ವೈನೀಯಾ', ಪುಟ್ಟ ಕೋಶ, ಮಾಡಿದರು. ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ಕ್ರಮವನ್ನು 1841ರಲ್ಲಿ ರೆಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ಮಡಗಾಸ್ಕರದ ಬೆಳೆ ಕುಗ್ಗಿ 2003ರ ಸುಮಾರಿಗೆ ಬೆಲೆ ಗಗನಕ್ಕೇರಿದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟಗಳಲ್ಲಿ ಈ ಬಳ್ಳಿಗೆ ರಾತ್ರಿ ಕಾವಲು ಕೂರುವಂತಾಯಿತು. ಅಷ್ಟೇ ಬೇಗ ಬೆಲೆ ಕುಸಿಯಿತು, ಬಳ್ಳಿ ರೋಗಕ್ಕೆ ತುತ್ತಾಯಿತು. ಆ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೆ ಸ್ವಂತ ಪದವೊಂದು ಹುಟ್ಟಲಿಲ್ಲ. 'ವೆನಿಲ್ಲಾ', 'ಬೀನ್ಸ್', 'ಪಾಲಿನೇಷನ್' ಎಂದೇ ತೋಟದವರು ಮಾತಾಡಿದರು. ಮೆಣಸಿನಕಾಯಿಗೆ, ಗೇರಿಗೆ, ಹೊಗೆಸೊಪ್ಪಿಗೆ ಹೆಸರಿಟ್ಟ ಜನ ಇದಕ್ಕೆ ಏಕೆ ಇಡಲಿಲ್ಲ? ಈ ಲೇಖಕನ ಅಭಿಪ್ರಾಯದಲ್ಲಿ ಕಾರಣ ಸ್ಪಷ್ಟ: ಅದು ಅಡುಗೆಮನೆಗೆ ಬರಲಿಲ್ಲ. ಯಾರ ಮನೆಯಲ್ಲಿಯೂ ಯಾರೂ ಅದನ್ನು ತಿನ್ನದೆ, ವ್ಯಾಪಾರಿಯ ಭಾಷೆಯಲ್ಲಿಯೇ ಬಂದು ವ್ಯಾಪಾರಿಯ ಭಾಷೆಯಲ್ಲಿಯೇ ಹೋಯಿತು.

ಇದುವರೆಗೆ ಒಳಬಂದ ಪದಗಳನ್ನು ನೋಡಿದೆವು. ಹೊರಹೋದ ಪದವೂ ಈ ಪಟ್ಟಿಯಲ್ಲಿದೆ. ಸ್ಪ್ಯಾನಿಷ್ ನಿಘಂಟಿನ 'ಅರೇಕಾ', ಇಂಗ್ಲಿಷಿನ 'ಅರೆಕಾ' ಇವು ಪೋರ್ಚುಗೀಸಿನ ಮೂಲಕ ಹೋದ ಮಲಯಾಳಂನ 'ಅಡಕ್ಕ'; ಕನ್ನಡದ 'ಅಡಿಕೆ' ಅದರ ಒಡಹುಟ್ಟು. ವೀಳ್ಯದೆಲೆಯ 'ಬೆತೆಲ್', ತೇಗದ 'ತೇಕಾ', ಮಾವಿನ 'ಮಾಂಗೊ' ಇವೂ ಇದೇ ಕರಾವಳಿಯಿಂದ ಹೋದವು. ಕೊಚ್ಚಿಯಲ್ಲಿ ವೈದ್ಯನಾಗಿದ್ದ ಕ್ರಿಸ್ತೋಬಲ್ ಅಕೋಸ್ತಾ 1578ರಲ್ಲಿ ಬುರ್ಗೋಸ್ ನಗರದಲ್ಲಿ ಪ್ರಕಟಿಸಿದ ಪೂರ್ವದೇಶಗಳ ಔಷಧಿಗಳನ್ನು ಕುರಿತ ಸ್ಪ್ಯಾನಿಷ್ ಗ್ರಂಥವು ಅಲ್ಲಿನ ಓದುಗರಿಗೆ ನಮ್ಮ ಮರಗಿಡಗಳನ್ನು ಪರಿಚಯಿಸಿತು.

ಮಾರ್ಕ್ವೆಜ್, ನೆರೂಡ, ಬೋರ್ಹೆಸ್ ಮೊದಲಾದವರ ಬರಹ ಕನ್ನಡಕ್ಕೆ ಬಂದದ್ದು ಬಹುತೇಕ ಇಂಗ್ಲಿಷಿನ ಮೂಲಕ. ಮುಂದೆ ಯಾರಾದರೂ ಸ್ಪ್ಯಾನಿಷ್–ಕನ್ನಡ ನಿಘಂಟನ್ನು ವಿಸ್ತಾರವಾಗಿ ಕಟ್ಟಲು ಹೊರಟಾಗ ಇಂಗ್ಲಿಷ್–ಸ್ಪ್ಯಾನಿಷ್ ಪಟ್ಟಿಯೊಂದನ್ನೂ ಇಂಗ್ಲಿಷ್–ಕನ್ನಡ ಪಟ್ಟಿಯೊಂದನ್ನೂ ತಂದು ನಡುವಿನ ಅಂಕಣವನ್ನು ಅಳಿಸಿಬಿಡುವುದು ಸುಲಭವೆನಿಸುತ್ತದೆ. ಹಾಗೆ ಮಾಡಿದರೆ 'ಪಿಮಿಯೆಂತೊ' ಎದುರು ಕಾಳುಮೆಣಸು ಬರುತ್ತದೆ, 'ಅನಕಾರ್ದೊ' ಎದುರು ಬರಿಯ ಗೋಡಂಬಿ ಉಳಿದು ಕರಿಗೇರಿನ ಚರಿತ್ರೆ ಮಾಯವಾಗುತ್ತದೆ. ಅಡಿಕೆಯ ವಿಷಯದಲ್ಲಂತೂ ತೊಡಕು ಇಮ್ಮಡಿ. ಇಂಗ್ಲಿಷಿನ 'ಬೀಟಲ್ ನಟ್' ಮತ್ತು ಸ್ಪ್ಯಾನಿಷಿನ 'ನುವೆಸ್ ದೆ ಬೆತೆಲ್' ಎರಡೂ ವೀಳ್ಯದ ಬಳ್ಳಿಗೆ ಅಡಿಕೆಯನ್ನು ಕಟ್ಟಿ ಅದನ್ನು ಆ ಬಳ್ಳಿಯ ಕಾಯಿಯೆಂದು ತೋರಿಸುತ್ತವೆ. ಇತ್ತ ಇಂದಿನ ಸ್ಪ್ಯಾನಿಷ್ ಓದುಗನಿಗೆ 'ಅರೇಕಾ' ಎಂದರೆ ಮನೆಯ ಮೂಲೆಯ ಕುಂಡದಲ್ಲಿ ಅಲಂಕಾರಕ್ಕೆ ಇಟ್ಟ, ಮಡಗಾಸ್ಕರ್ ಮೂಲದ, ಕಾಯಿಗಾಗಿ ಯಾರೂ ಬೆಳೆಸದ ಒಂದು ಹಸಿರು ತಾಳೆಗಿಡ. ಮುತ್ತಿನಕೊಪ್ಪದ ತೋಟದಿಂದ ಹೊರಡುವ ವಾಕ್ಯವೊಂದರಲ್ಲಿ ಕೊನೆಗೌಡರು ಅಡಿಕೆ ಮರ ಹತ್ತಿ ಗೊನೆ ಇಳಿಸುತ್ತಾರೆ ಎಂದಿದ್ದರೆ, ಅನುವಾದಕನು ಆ ಒಂದು ಪದದ ಎದುರು 'ಅರೇಕಾ' ಎಂದಷ್ಟೇ ಬರೆದು ಮುಂದಕ್ಕೆ ಹೋಗುವಂತಿಲ್ಲ. ಮರದ ಎತ್ತರವನ್ನು, ಕಾಯಿಯನ್ನು, ಅದನ್ನು ಎಲೆಯೊಡನೆ ಜಗಿಯುವ ಜನರನ್ನು ಆ ನಮೂದಿನಲ್ಲಿಯೇ ಹೇಳಬೇಕಾಗುತ್ತದೆ.